ಅತ್ತೆಯವರ ತಲೆಯೊಳಗಿನ ಬಿಳಿ ಚುಕ್ಕೆ

ಇವತ್ತು ಬೆಳಿಗ್ಗೆ ತಳ್ಳುಬಂಡಿಯವಳು ತೂಗಿಕೊಟ್ಟ ಬದನೆಕಾಯಿಯ ಮೇಲೆ, ನಾನು ಕೇಳದಿದ್ದರೂ, ಒಂದು ಹಿಡಿ ಕೊತ್ತಂಬರಿ ಸೊಪ್ಪನ್ನು ಕೊಸರೆಂದು ಇಟ್ಟಳು. ಬೇರಿಗೆ ಇನ್ನೂ ಹಸಿಮಣ್ಣು ಅಂಟಿತ್ತು. ಚೀಲ ಅಡುಗೆಮನೆ ಸೇರುವಷ್ಟರಲ್ಲಿ ಮನೆಯ ತುಂಬ ಅದರದೇ ವಾಸನೆ. ಆ ವಾಸನೆಗೆ ನಿಮಗೆ ಏನು ನೆನಪಾಗುತ್ತದೋ ತಿಳಿಯದು. ಬಿಸಿ ಸಾರೋ, ಹಬ್ಬದ ಕೋಸಂಬರಿಯೋ ಇದ್ದೀತು. ನನಗೆ ನೆನಪಾಗುವುದು ನನ್ನ ಅತ್ತೆಯವರ ಮಿದುಳು.

ಗಾಬರಿಯಾಗಬೇಡಿ. ನಾನು ಅಂಥ ಸೊಸೆಯಲ್ಲ. ಆದರೆ ಅತ್ತೆಯವರ ಮನಸ್ಸಿನಲ್ಲಿ ಏನಿದೆ ಎಂದು ತಿಳಿಯದೆ ಒದ್ದಾಡುವ ಸೊಸೆಯಂದಿರು ಊರ ತುಂಬ ಇರುವಾಗ, ಅತ್ತೆಯ ತಲೆಯೊಳಗೆ ಏನಿದೆ ಎಂಬುದನ್ನು ಬೆಳಕಿಗೆ ಹಿಡಿದು ನೋಡಿದವಳು ನಾನು. ಕಪ್ಪು ಹಾಳೆಯ ಮೇಲೆ ಹನ್ನೆರಡು ಚೌಕ. ಒಂದೊಂದು ಚೌಕದಲ್ಲಿ ತಲೆಯ ಒಂದೊಂದು ಹೋಳು. ನಮ್ಮ ಹೈದರಾಬಾದಿಗೆ ಸಿಟಿ ಸ್ಕ್ಯಾನ್ ಆಗಷ್ಟೇ ಬಂದಿದ್ದ ಕಾಲ. ಅದನ್ನು ಮಾಡಿಸಿಕೊಂಡವರ ಮನೆಗೆ ಜನ ರೋಗಿಯನ್ನು ನೋಡಲು ಬರುತ್ತಿದ್ದರೋ ಫಿಲ್ಮನ್ನು ನೋಡಲು ಬರುತ್ತಿದ್ದರೋ ಹೇಳುವುದು ಕಷ್ಟ.

ಕಾಚಿಗುಡಾದಲ್ಲಿ ನಮ್ಮದು ಹಳೆಯ ಮನೆ. ಮಾವನವರು ನೀರಾವರಿ ಇಲಾಖೆಯಲ್ಲಿ ಇಂಜಿನಿಯರಾಗಿ ನಿವೃತ್ತರಾದವರು. ನನ್ನ ಯಜಮಾನರು ಸೆಕ್ರೆಟೇರಿಯಟ್ಟಿನಲ್ಲಿ ಕೆಲಸದಲ್ಲಿದ್ದರು, ಮನೆಯಲ್ಲಿ ಮಾತ್ರ ಅಪ್ಪನ ಮಾತಿಗೆ ರುಜು ಹಾಕುವ ಗುಮಾಸ್ತರು. ಕಾನ್ವೆಂಟಿನಲ್ಲಿ ಓದಿದ ನನ್ನನ್ನು ಈ ಮನೆಗೆ ತಂದದ್ದು, ಟೆಲಿಫೋನು ಬಂದರೆ ಇಂಗ್ಲಿಷಿನಲ್ಲಿ ಮಾತಾಡಲು ಒಬ್ಬರಿರಲಿ ಎಂದು. ಟೆಲಿಫೋನು ಬಂದದ್ದು ನಾನು ಬಂದು ಒಂಬತ್ತು ವರ್ಷಕ್ಕೆ. ಅಲ್ಲಿಯವರೆಗೆ ನನ್ನ ಇಂಗ್ಲಿಷು ಹಾಲಿನ ಪಾಕೀಟಿನ ಮೇಲಿನ ಅಕ್ಷರ ಓದಲು ಬಳಕೆಯಾಯಿತು.

ಮನೆಯ ನಿಜವಾದ ಸರಕಾರ ಅತ್ತೆಯವರದು, ಆ ಸರಕಾರದ ಕಾನೂನಿನ ಹೆಸರು ಮಡಿ. ನಲ್ಲಿಯ ನೀರು ಮಡಿಗೆ ಬರುವುದಿಲ್ಲ, ಏಕೆಂದರೆ ನಲ್ಲಿಯೊಳಗೆ ಚರ್ಮದ ವಾಷರ್ ಇರುತ್ತದೆ. ಚರ್ಮದ ವಾಷರ್ ಹೋಗಿ ರಬ್ಬರಿನದು ಬಂದು ಎಷ್ಟೋ ಕಾಲವಾಗಿತ್ತು. ಮಾವನವರೇ ಒಂದು ನಲ್ಲಿ ಬಿಚ್ಚಿ ತೋರಿಸಿದರೂ ಅತ್ತೆಯವರು, "ಈ ನಳದಾಗ ರಬ್ಬರ ಇರಬಹುದು, ಊರ ಹೊರಗಿನ ನಳದಾಗ ಏನ ಅದನೋ ಯಾರು ಕಂಡಾರ," ಎಂದು ಕಡತ ಮುಚ್ಚಿದರು. ಹಾಗಾಗಿ ಕುಡಿಯಲು, ದೇವರಿಗೆ, ಸೊಪ್ಪು ತೊಳೆಯಲು ಹಿತ್ತಿಲ ಬಾವಿಯ ನೀರು. ಅದನ್ನು ಕಾಸುವ ಹಾಗಿಲ್ಲ. ಒಲೆಯ ಮೇಲೆ ಇಟ್ಟರೆ ಮುಸುರೆ, ಮಡಿಗೆ ಸಲ್ಲದು. ಬಾವಿಯ ಆಚೆಗೆ ಗೋಡೆ, ಗೋಡೆಯ ಆಚೆಗೆ ಪಕ್ಕದ ವಠಾರದ ಸಾಲು ಪಾಯಿಖಾನೆ. ಗೋಡೆ ಇದೆಯಲ್ಲ ಎಂಬುದು ಮನೆಯವರ ಸಮಾಧಾನ. ಭೂಮಿಯ ಕೆಳಗೆ ಗೋಡೆ ಇರುವುದಿಲ್ಲ ಎಂದು ನೀರಾವರಿ ಇಂಜಿನಿಯರಿಗೆ ಹೇಳಲು ನಾನ್ಯಾರು?

ನಮ್ಮ ಕಾನ್ವೆಂಟಿನ ಸಿಸ್ಟರುಗಳು ನೀರನ್ನು ಕುದಿಸಿ ಕುಡಿಯಬೇಕೆಂದು ಎಷ್ಟು ಸಲ ಬರೆಸಿದ್ದರೆಂದರೆ, ನನಗೆ ಕುದಿಸದ ನೀರು ಗಂಟಲಲ್ಲಿ ಇಳಿಯುತ್ತಲೇ ಇರಲಿಲ್ಲ. ಒಂದು ಸ್ಟೀಲಿನ ಪಾತ್ರೆಯಲ್ಲಿ ನನಗೂ ಮಗಳಿಗೂ ಬೇರೆಯಾಗಿ ಕಾಸಿ ಇಟ್ಟುಕೊಳ್ಳುತ್ತಿದ್ದೆ. ಅತ್ತೆಯವರು ಅದಕ್ಕೆ ಇಟ್ಟ ಹೆಸರು ಕಿರಿಸ್ತಾನರ ನೀರು. ಬಂದವರ ಮುಂದೆಯೂ ಹಾಗೆಯೇ ಅನ್ನುತ್ತಿದ್ದರು. "ಆ ಪಾತ್ರಿ ಮುಟ್ಟಬ್ಯಾಡ್ರಿ, ಅದು ನಮ್ಮ ಸೊಸಿ ಕಿರಿಸ್ತಾನರ ನೀರು." ಬಂದವರು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಹಲ್ಲು ಕಾಣಿಸದೆ ನಗುವುದನ್ನೂ ಸಿಸ್ಟರುಗಳೇ ಕಲಿಸಿದ್ದರು.

ಸೊಪ್ಪು ತರುತ್ತಿದ್ದವಳು ಮೂಸಿ ಹೊಳೆಯ ದಂಡೆಯಿಂದ ಬರುತ್ತಿದ್ದಳು. ಮೂಸಿಯನ್ನು ಬಲ್ಲವರಿಗೆ ಅಲ್ಲಿ ಹೊಳೆ ಯಾವುದು ಗಟಾರ ಯಾವುದು ಎಂದು ವಿವರಿಸಬೇಕಿಲ್ಲ. ಸೊಪ್ಪು ಮಾತ್ರ ನೋಡಲು ಬಲು ಸೊಗಸು, ಕಡುಹಸಿರು. ಅತ್ತೆಯವರು ಅದನ್ನು ಬಾವಿಯ ನೀರಿನಲ್ಲಿ ಒಂದು ಸಲ ಅದ್ದಿ ಝಾಡಿಸಿ, ಕೋಸಂಬರಿಗೆ ಹಸಿಯಾಗಿಯೇ ಹೆಚ್ಚಿ ಹಾಕುತ್ತಿದ್ದರು. ಸೊಪ್ಪು ತಂದವಳ ಕೈ ತಗುಲಬಾರದೆಂದು ಅವಳು ಅದನ್ನು ಕಟ್ಟೆಯ ಮೇಲಿಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿಯಬೇಕಿತ್ತು. ಕೈಗೆ ಅಷ್ಟು ಎಚ್ಚರ. ಸೊಪ್ಪಿನ ಜೊತೆ ಬಂದದ್ದಕ್ಕೆ ಏನೂ ಇಲ್ಲ.

ಒಂದು ಮುಂಜಾನೆ ತುಳಸಿಗೆ ನೀರು ಹಾಕುತ್ತಿದ್ದ ಅತ್ತೆಯವರ ಎಡಗೈ ತನ್ನಷ್ಟಕ್ಕೆ ಕುಣಿಯತೊಡಗಿತು. ಅವರು ಬಲಗೈಯಿಂದ ಅದನ್ನು ಹಿಡಿದುಕೊಂಡು, ತಪ್ಪು ಮಾಡಿದ ಮಗುವನ್ನು ನೋಡುವಂತೆ ನೋಡಿದರು. ಆಮೇಲೆ ಮುಖದ ಎಡಭಾಗ ಸೆಳೆಯಿತು, ಕಟ್ಟೆಯ ಪಕ್ಕದಲ್ಲೇ ಬಿದ್ದರು. ಆಸ್ಪತ್ರೆ, ಫಿಟ್ಸಿನ ಗುಳಿಗೆ, ನರಕ್ಕೆ ಬಣ್ಣದ ಇಂಜೆಕ್ಷನ್ ಕೊಟ್ಟು ಸ್ಕ್ಯಾನ್. ಅಲ್ಲಿಂದ ಆ ಫಿಲ್ಮು ನಮ್ಮ ಮನೆಗೆ ಬಂತು.

ಮಾವನವರು ಅದನ್ನು ವರಾಂಡದ ಕಿಟಕಿಗೆ ಬಟ್ಟೆಯ ಕ್ಲಿಪ್ಪಿನಿಂದ ಸಿಕ್ಕಿಸಿ, ಆಣೆಕಟ್ಟಿನ ನಕ್ಷೆ ಓದುವಂತೆ ಓದಿದರು. ಏಳನೆಯ ಚೌಕದಲ್ಲಿ ಒಂದು ಬಿಳಿ ಬಳೆ ಇತ್ತು. ಅದು ಹಾಳೆಯ ಎಡಕ್ಕಿದೆ, ಡಾಕ್ಟರು ಬಲಭಾಗ ಎಂದು ಬರೆದಿದ್ದಾರೆ ಎಂಬುದು ಅವರ ಮೊದಲ ಶೋಧ. "ಎಡಾ ಬಲಾ ತಿಳೀಲಾರದವರ ಕೈಯಾಗ ತಲಿ ಕೊಟ್ಟೇವಲ್ಲಪಾ," ಎಂದು ಮಗನಿಗೆ ಹೇಳಿ, ಆಸ್ಪತ್ರೆಗೆ ತಿದ್ದುಪಡಿ ಕೋರಿ ಎರಡು ಪುಟದ ಪತ್ರ ಬರೆದರು. ಫಿಲ್ಮನ್ನು ರೋಗಿಯ ಕಾಲ ಬಳಿ ನಿಂತು ನೋಡಿದಂತೆ ತೆಗೆದಿರುತ್ತಾರೆ, ಎಡಬಲ ಅದಲುಬದಲಾಗಿ ಕಾಣುತ್ತದೆ ಎಂದು ಅಲ್ಲಿಯ ಕಂಪೌಂಡರು ಹೇಳಿದ ಮೇಲೆ, ಆ ಪತ್ರದ ಮಾತು ಮನೆಯಲ್ಲಿ ಮತ್ತೆ ಏಳಲಿಲ್ಲ. ಬಂದ ನೆಂಟರಿಗೂ ಏನೇನೋ ಕಂಡಿತು. ಒಬ್ಬರಿಗೆ ಶಂಖ ಕಂಡಿತು, ಇನ್ನೊಬ್ಬರಿಗೆ ಹೆಡೆ. ನನಗೆ, ಚಹದ ತಟ್ಟೆ ಹಿಡಿದು ಪಕ್ಕದಲ್ಲಿ ನಿಂತವಳಿಗೆ, ಆ ಬಳೆಯ ಒಳಗೆ ಒಂದು ಕಡೆಗೆ ಸರಿದ ಪುಟ್ಟ ಬಿಳಿ ಚುಕ್ಕೆ ಕಂಡಿತು. ಸಾಸಿವೆಗಿಂತ ಚಿಕ್ಕದು. ಯಾರೂ ಕೇಳಲಿಲ್ಲ, ನಾನು ಹೇಳಲಿಲ್ಲ.

ನ್ಯೂರೋಸರ್ಜನ್‌ಗೂ ಆ ಚುಕ್ಕೆ ಕಂಡಿತ್ತು. ಅವರು ತೆಲುಗಿನವರು, ಮೆತ್ತಗಿನ ದನಿ. ಮಾವನವರು ಮತ್ತು ಯಜಮಾನರು ಎದುರಿಗೆ, ನಾನು ಬಾಗಿಲ ಬಳಿಯ ಸ್ಟೂಲಿನ ಮೇಲೆ. ಡಾಕ್ಟರು ಫಿಲ್ಮನ್ನು ದೀಪದ ಪೆಟ್ಟಿಗೆಗೆ ಹಚ್ಚಿ, ಇದು ಗಡ್ಡೆ ಇರಬಹುದು, ಕ್ಷಯದ ಗಂಟು ಇರಬಹುದು, ಇಲ್ಲವೇ ನಿಮ್ಮಂಥವರಲ್ಲಿ ತಾನು ಅಪರೂಪವಾಗಿ ಕಂಡ ಇನ್ನೊಂದು ಇರಬಹುದು ಎಂದರು. ಆಮೇಲೆ ಕನ್ನಡಕ ತೆಗೆದು ಒರೆಸುತ್ತ, ಮನೆಯಲ್ಲಿ ಯಾರಾದರೂ ಹಂದಿ ಮಾಂಸ ತಿನ್ನುವವರು ಇದ್ದಾರೆಯೇ ಎಂದು ಕೇಳಿದರು.

ಮಾವನವರು ಎದ್ದು ನಿಂತರು. ತಮ್ಮ ಮನೆಯಲ್ಲಿ ಉಳ್ಳಾಗಡ್ಡಿ ಸಹಿತ ಹೊಸ್ತಿಲು ದಾಟಿಲ್ಲವೆಂದೂ, ತಮ್ಮ ಪತ್ನಿ ಹೋಟೆಲಿನ ಬಾಗಿಲನ್ನೇ ಕಂಡವರಲ್ಲವೆಂದೂ ಇಂಗ್ಲಿಷಿನಲ್ಲಿ ಹೇಳಿದರು. ಇಂಗ್ಲಿಷಿನಲ್ಲಿ ಸಿಟ್ಟು ಬಂದಾಗ ಅವರು ಹಳೆಯ ಮೇಲಧಿಕಾರಿಗಳ ಹಾಗೆ ಕಾಣುತ್ತಿದ್ದರು. ಡಾಕ್ಟರು ಮುಂದೆ ಏನೋ ಹೇಳಲು ಬಾಯಿ ತೆರೆದು ಮುಚ್ಚಿಕೊಂಡರು. ಹಾಗಾದರೆ ಗಡ್ಡೆಯೆಂದೇ ಹಿಡಿದು ತಲೆ ತೆರೆಯುವುದು ವಾಸಿ, ಗುರುವಾರ ಮಾಡೋಣ, ಹಿಂದಿನ ದಿನ ತಲೆಗೂದಲು ಪೂರ್ತಿ ತೆಗೆಸಿರುತ್ತೇವೆ, ಎಂದರು.

ಆಟೋದಲ್ಲಿ ಮಾವನವರು ಇನ್ನೂ ಕುದಿಯುತ್ತಿದ್ದರು. "ಹಂದಿ ಅಂತ. ನನ್ನ ಮುಖದ ಮುಂದ ಕೂತು ಹಂದಿ ಅಂದಾ ಅಂವ."

"ಹೋಗ್ಲಿ ಬಿಡ್ರಿ ಅಪ್ಪಾ," ಎಂದರು ಯಜಮಾನರು. "ಗಡ್ಡಿ ಅಂತ ಈಗ ಖಾತ್ರಿ ಆತಲ್ಲ."

"ಹೂಂ, ಗಡ್ಡಿ ಅಂದ್ರ ಒಂದು ಮಾತು. ನಾಲ್ಕು ಮಂದಿಗೆ ಹೇಳಿಕೊಳ್ಳಲಿಕ್ಕೆ ಬರ್ತದ."

ಗಂಡಸರಿಬ್ಬರೂ ನಿರಾಳವಾಗಿ ಉಸಿರು ಬಿಟ್ಟದ್ದನ್ನು ನಾನು ನೋಡಿದೆ. ಹೆಂಡತಿಯ ತಲೆಯಲ್ಲಿ ಗಡ್ಡೆ ಇದೆಯೆಂದು ಕೇಳಿ ಗೌರವ ಉಳಿಯಿತು ಎಂದುಕೊಂಡವರನ್ನು ನೀವು ಬೇರೆಲ್ಲೂ ಕಂಡಿರಲಾರಿರಿ. ನಮ್ಮ ಮನೆಯಲ್ಲಿ ರೋಗಕ್ಕೂ ಕುಲ ಗೋತ್ರ ನೋಡುತ್ತಿದ್ದರು.

ಅತ್ತೆಯವರಿಗೆ ಗಡ್ಡೆಯ ಹೆದರಿಕೆ ಇರಲಿಲ್ಲ. ಇದ್ದದ್ದು ಕ್ಷೌರದ ಕತ್ತಿಯದು. ಅವರ ಕೂದಲು ಸೊಂಟದವರೆಗೆ ಇತ್ತು, ಅರ್ಧ ನೆರೆತದ್ದು. ಮಂಗಳವಾರ, ಶುಕ್ರವಾರ ಎಣ್ಣೆ ಹಚ್ಚಿ ಹೆರಳು ಹಾಕುವುದು ನನ್ನ ಕೆಲಸ. ಆ ಮಂಗಳವಾರ ಆಸ್ಪತ್ರೆಯ ಕಬ್ಬಿಣದ ಮಂಚದ ಮೇಲೆ ಕೂತು, ನನಗೆ ಬೆನ್ನು ಮಾಡಿ, ಗೋಡೆಗೆ ಹೇಳುವಂತೆ ಹೇಳಿದರು:

"ನಿಮ್ಮ ಮಾವನವರು ಗಟ್ಟಿಮುಟ್ಟಾಗಿ ಇರೂ ಹೊತ್ತಿನ್ಯಾಗ ನನ್ನ ತಲಿ ಬೋಳಿಸ್ತಾರ. ಬೋಳಿಸಿದ ತಲಿಗೆ ಕುಂಕುಮ ಹೆಂಗ ಹಚ್ಚಿಕೊಳ್ಳಲಿ? ಕಂಡವರು ಏನ ತಿಳಕೊಳ್ಳಬೇಕು?"

"ಕೂದಲು ಮತ್ತ ಬರ್ತಾವ, ಅತ್ಯಾರ."

"ಅಲ್ಲೀತನಕ ನಾ ಯಾರಂತ ಇರಲಿ? ಮುತ್ತೈದಿ ಅಂತನೋ, ಅವರು ಹೋದ್ರು ಅಂತನೋ? ಅದಕ್ಕಿಂತ ಈ ಗಡ್ಡಿ ನನ್ನನ್ನ ಒಯ್ದರ ಛಲೋ."

ಹತ್ತು ವರ್ಷದಲ್ಲಿ ಅವರ ಭುಜ ನಡುಗಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಹೆರಳು ಮುಗಿದ ಮೇಲೆ ಅತ್ತೆಯವರು ಕುಡಿಯಲು ನೀರು ಕೇಳಿದರು. ಆಸ್ಪತ್ರೆಯ ನೀರು ಅವರಿಗೆ ನಡೆಯದು. ದಿನವೂ ನಾನೇ ಮನೆಯ ಬಾವಿಯ ನೀರನ್ನು ಹಿತ್ತಾಳೆಯ ತಂಬಿಗೆಯಲ್ಲಿ ತುಂಬಿ, ಬಾಯಿಗೆ ಬಾಳೆ ಎಲೆ ಕಟ್ಟಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತರುತ್ತಿದ್ದೆ. ತಂಬಿಗೆ ಎತ್ತಿದವಳು ಬಗ್ಗಿಸದೆ ಹಾಗೆಯೇ ಹಿಡಿದು ನಿಂತೆ. ಡಾಕ್ಟರು ಬಾಯಿ ತೆರೆದು ಮುಚ್ಚಿಕೊಂಡದ್ದು ನೆನಪಾಯಿತು. ಅವರು ಹೇಳದೆ ಬಿಟ್ಟದ್ದೇನು? "ಬಂದೆ ಅತ್ಯಾರ," ಎಂದು ತಂಬಿಗೆಯ ಸಮೇತ ಹೊರಗೆ ನಡೆದೆ.

ಡಾಕ್ಟರ ಕೋಣೆಯ ಹೊರಗೆ ಬಹಳ ಹೊತ್ತು ಕಾಯಬೇಕಾಯಿತು. ಒಳಗೆ ಹೋದಾಗ, ಕಾನ್ವೆಂಟಿನ ರೂಢಿಯಂತೆ, ಕುಳಿತುಕೊಳ್ಳಿ ಎನ್ನುವವರೆಗೆ ನಿಂತೇ ಇದ್ದೆ. ನಾವಾಡಿದ್ದು ತೆಲುಗಿನಲ್ಲಿ, ನಿಮಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ನಿನ್ನೆ ನೀವು ಹಂದಿಯ ವಿಷಯ ಕೇಳಿದಿರಿ. ಮುಂದೆ ಏನು ಹೇಳುವವರಿದ್ದಿರಿ?"

ಅವರು ನನ್ನನ್ನು ಮೊದಲ ಸಲ ನೋಡಿದರು. "ತಿನ್ನಲೇಬೇಕೆಂದಿಲ್ಲ ಅಮ್ಮಾ. ತಿಂದವರ ಹೊಟ್ಟೆಯಲ್ಲಿ ಲಾಡಿಹುಳ ಇರುತ್ತದೆ. ಅವರು ಬಯಲಿಗೆ ಹೋದಾಗ ಅದರ ಮೊಟ್ಟೆ ಮಣ್ಣು ಸೇರುತ್ತದೆ, ನೀರು ಸೇರುತ್ತದೆ. ಅದು ಇನ್ನೊಬ್ಬರ ಬಾಯಿಗೆ ಹೋದರೆ ಮರಿ ರಕ್ತದ ಜೊತೆ ಮಿದುಳಿಗೆ ಹತ್ತಿ ಗೂಡು ಕಟ್ಟುತ್ತದೆ. ಫಿಲ್ಮಿನಲ್ಲಿ ಬಳೆ ಇದೆಯಲ್ಲ, ಅದು ಗೂಡು. ಒಳಗಿನ ಚುಕ್ಕೆ ಹುಳದ ತಲೆ ಇರಬಹುದೆಂದು ನನ್ನ ಅನುಮಾನ. ಆದರೆ ಅಷ್ಟು ಶುದ್ಧವಾದ ಮನೆಗೆ ಅದು ಬರುವ ದಾರಿ ಯಾವುದು?"

ನಾನು ದಾರಿ ಹೇಳಿದೆ. ಚರ್ಮದ ವಾಷರಿನಿಂದ ಹಿಡಿದು ಬಾವಿ, ಗೋಡೆ, ಪಾಯಿಖಾನೆ, ಕಾಸಿದರೆ ಮುಸುರೆ, ಮೂಸಿ ದಂಡೆಯ ಸೊಪ್ಪು, ಒಂದೇ ಸಲ ಅದ್ದುವುದು, ಹಸಿ ಕೋಸಂಬರಿ. ಹೇಳುತ್ತ ಹೇಳುತ್ತ ನನ್ನ ದನಿ ಏರಿತು. ಅವರು ಪೆನ್ನು ಕೆಳಗಿಟ್ಟು, ನನ್ನ ತೊಡೆಯ ಮೇಲಿನ ತಂಬಿಗೆ ತೋರಿಸಿದರು. "ಅದರಲ್ಲೇನು?"

"ಅದೇ ಬಾವಿಯ ನೀರು."

ಅವರು ತಮ್ಮ ಕೈಯಿಂದಲೇ ಅದನ್ನು ತೆಗೆದುಕೊಂಡು ಹೋಗಿ ಬಚ್ಚಲಿಗೆ ಸುರಿದರು. "ಮೊದಲೇ ಏಕೆ ಹೇಳಲಿಲ್ಲ ಅಮ್ಮಾ?"

"ನೀವು ಅಡುಗೆಮನೆಯ ಪ್ರಶ್ನೆಯನ್ನು ಅಡುಗೆಮನೆಗೆ ಕಾಲಿಡದವರಿಗೆ ಕೇಳಿದಿರಿ," ಎಂದೆ.

ಇಷ್ಟು ಮಾತು ನನ್ನ ಬಾಯಿಂದ ಬಂದದ್ದಕ್ಕೆ ನನಗೇ ಕಿವಿ ಬಿಸಿಯಾಯಿತು. ಅವರು ಸಿಟ್ಟಾಗಲಿಲ್ಲ, ಗುರುವಾರದ ಪಟ್ಟಿಯಲ್ಲಿ ಒಂದು ಹೆಸರಿನ ಮೇಲೆ ಗೆರೆ ಎಳೆದರು. ಮೊದಲು ವಾರ್ಡಿನಲ್ಲೇ ಇಟ್ಟುಕೊಂಡು ಹುಳದ ಗುಳಿಗೆ, ಕೆಲವು ವಾರದ ಮೇಲೆ ಇನ್ನೊಂದು ಸ್ಕ್ಯಾನ್, ಬಳೆ ಚಿಕ್ಕದಾಗದಿದ್ದರೆ ಆಗ ತಲೆ ತೆರೆಯುವ ಮಾತು, ಎಂದರು.

ಇಲ್ಲಿ ಒಂದು ನಿಜ ಹೇಳಿಬಿಡುತ್ತೇನೆ. ಆ ಕೋಣೆಗೆ ನನ್ನನ್ನು ಕಳಿಸಿದ್ದು ಅತ್ತೆಯವರ ನಡುಗಿದ ಭುಜ, ಸುಳ್ಳಲ್ಲ. ಆದರೆ ಬಾವಿಯ ಕತೆ ಹೇಳುವಾಗ ನನ್ನ ದನಿ ಏರಿದ್ದು ಅದಕ್ಕಲ್ಲ. ಹತ್ತು ವರ್ಷ ಕೇಳಿದ ಕಿರಿಸ್ತಾನರ ನೀರಿಗೆ ಅವತ್ತು ಬಾಯಿ ಬಂದಿತ್ತು. ಮಡಿಯ ಮನೆಗೆ ಹಂದಿಯ ಹುಳ ಬಂದದ್ದು ಮಡಿಯ ಬಾಗಿಲಿನಿಂದಲೇ ಎಂದು ತಿಳಿದಾಗ ನನ್ನೊಳಗೆ ಯಾರೋ ಚಪ್ಪಾಳೆ ತಟ್ಟಿದರು. ಆಮೇಲೆ ಕಾರಿಡಾರಿನಲ್ಲಿ ಖಾಲಿ ತಂಬಿಗೆ ಹಿಡಿದು ನಿಂತಾಗ ನಾಚಿಕೆಯಾಯಿತು. ಬಹಳ ಹೊತ್ತು ನಿಲ್ಲಲಿಲ್ಲ.

ವಾರ್ಡಿಗೆ ಮರಳಿದಾಗ ಅತ್ತೆಯವರು ನನ್ನ ಮುಖ ನೋಡಿ, "ಎಲ್ಲಿ ಹೋಗಿದ್ದೀ?" ಎಂದರು.

"ಡಾಕ್ಟರ ಕಡೆ. ನಮ್ಮ ಬಾವಿ ನೀರಿಂದು ಎಲ್ಲಾ ಹೇಳಿದೆ, ಅತ್ಯಾರ. ಅದು ಗಡ್ಡಿ ಅಲ್ಲಂತ. ಹುಳ ಇದ್ದೀತಂತ."

"ಎಂಥಾ ಹುಳ?"

ಹೇಳಿದೆ. ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ಮತ್ತ ಕೂದಲಾ?"

"ಸದ್ಯಕ್ಕ ಮುಟ್ಟೂದಿಲ್ಲಂತ. ಗುಳಿಗಿ ಕೊಟ್ಟು ನೋಡ್ತಾರಂತ."

ಅವರ ಕೈ ತಾನಾಗಿ ಹಿಂದೆ ಹೋಗಿ ಹೆರಳನ್ನು ಮುಟ್ಟಿ ನೋಡಿತು. ಆಮೇಲೆ ಸರಕಾರ ಮತ್ತೆ ಅಧಿಕಾರಕ್ಕೆ ಬಂತು. "ಗುಳಿಗಿ ತೊಗೋತೀನಿ. ಆದ್ರ ಮನ್ಯಾಗ, ಮಂದಿ ಮುಂದ ಗಡ್ಡಿ ಅಂತನ ಹೇಳಬೇಕು. ನೀ ಸಾಯೂತನಕ ಗಡ್ಡಿ ಅಂತನ ಹೇಳಬೇಕು. ಏನು?"

"ಹೂಂ ಅತ್ಯಾರ."

ಮಾವನವರಿಗೆ ಡಾಕ್ಟರೇ ಹೇಳಿದರು. ಮಾವನವರು ನನ್ನ ಕಾನ್ವೆಂಟನ್ನು ಒಂದೆರಡು ದಿನ ಅನುಮಾನದಿಂದ ನೋಡಿದರು. ಹುಳ ಬಂದಿದ್ದರೆ ಅದು ಅಲ್ಲಿ ಕಲಿತವಳ ಜೊತೆಯೇ ಬಂದಿರಬೇಕಲ್ಲವೇ? ಆದರೆ ನನ್ನ ತಲೆ ಸರಿಯಿತ್ತು. ಕೊನೆಗೆ ಅವರೂ ಗಡ್ಡೆಗೇ ಒಪ್ಪಿದರು. ವಾರಗಳ ಮೇಲೆ ಎರಡನೆಯ ಫಿಲ್ಮು ಬಂತು: ಬಳೆ ಅರ್ಧವಾಗಿತ್ತು. ಮೂರನೆಯದರಲ್ಲಿ ಬಳೆ ಇಲ್ಲ. ಸುಣ್ಣದ ಹರಳಿನಷ್ಟು ಒಂದು ಗುರುತು, ಅಷ್ಟೇ. ಕೂದಲಿನ ಒಂದು ಎಳೆಯೂ ಹೋಗಲಿಲ್ಲ.

ಆಮೇಲೆ ನಡೆದದ್ದನ್ನು ನೀವು ಊಹಿಸಬಲ್ಲಿರಿ. ಅತ್ತೆಯವರ ಗಡ್ಡೆ ಅವರ ಮಡಿ, ವ್ರತಗಳ ಬಲದಿಂದ ಕರಗಿತು. ನೆಂಟರ ಪೈಕಿ ಯಾರಿಗೆ ತಲೆಶೂಲೆ ಬಂದರೂ ಅವರ ಬಳಿಗೆ ಕರೆತರುತ್ತಿದ್ದರು. ಅವರು ಮೂರೂ ಫಿಲ್ಮುಗಳನ್ನು ಸಾಲಾಗಿ ತೋರಿಸಿ, ಯಾವ ವಾರ ಏನು ಉಪವಾಸ ಮಾಡಿದೆನೆಂದು ಹೇಳುತ್ತಿದ್ದರು. ಮಾವನವರು ಎಡಬಲ ವಿವರಿಸುತ್ತಿದ್ದರು. ನಾನು ಚಹ ಕೊಡುತ್ತಿದ್ದೆ. ಬಾವಿಯೂ ಮಡಿಯೂ ಎಂದಿನಂತೆ ನಡೆದವು. ಎಲ್ಲರಿಗಿಂತ ಮೊದಲು ಎದ್ದು ಸ್ನಾನ ಮಾಡಿ ಮಡಿಯ ಕೊಡ ತುಂಬುವ ಕೆಲಸವನ್ನು ನಾನೇ ಬೇಡಿ ಪಡೆದೆ. ಅದರಲ್ಲಿ ನಾನು ತುಂಬುತ್ತಿದ್ದದ್ದು ಹಿಂದಿನ ದಿನ ಕುದಿಸಿ ಆರಿಸಿದ ನೀರು. ಸೊಪ್ಪೂ ಅದರಲ್ಲೇ ನಾಲ್ಕು ಸಲ ಮುಳುಗಿ ಏಳುತ್ತಿತ್ತು. ಒಂದು ದಿನ ಅತ್ತೆಯವರು ಲೋಟ ಎತ್ತಿ, ಗುಟುಕು ಕುಡಿದು, "ಈಗೀಗ ನಮ್ಮ ಬಾವಿ ನೀರು ಸಪ್ಪಗ ಆಗ್ಯಾವ," ಎಂದು ನನ್ನನ್ನೇ ನೋಡಿದರು. ನಾನು, "ಬ್ಯಾಸಗಿ ಅಲ್ರೀ ಅತ್ಯಾರ," ಎಂದೆ. ಅವರು ಉಳಿದದ್ದನ್ನೂ ಕುಡಿದು ಲೋಟ ಬೋರಲು ಹಾಕಿದರು. ಹದಿನಾರು ವರ್ಷ ಹಾಗೆಯೇ ಕುಡಿದು, ಮುತ್ತೈದೆಯಾಗಿ, ಹೆರಳಿನ ಸಮೇತ ಹೋದರು.

ಕೊತ್ತಂಬರಿಯ ಬೇರು ಕತ್ತರಿಸುತ್ತ ಇಲ್ಲಿಯವರೆಗೆ ಬಂದಿದ್ದೆ. ಅಷ್ಟರಲ್ಲಿ ಫೋನು ಬಂತು. ಮಗಳು. ಅವಳಿಗೆ ಈಗ ನನ್ನ ಅಂದಿನ ವಯಸ್ಸು; ಅಮೀರ್‌ಪೇಟೆಯಲ್ಲಿ ಮನೆ. ತಿಂಗಳಿಂದ ಅರೆತಲೆನೋವು ಎಂದು ಕ್ಲಿನಿಕ್ಕಿಗೆ ಹೋಗಿದ್ದಾಳೆ.

"ಅವ್ವಾ, ಮನಿತನದಾಗ ಯಾರಿಗರೆ ತಲಿ ರೋಗ ಇತ್ತೇನು ಅಂತ ಕೇಳಿದ್ರು. ಅಜ್ಜಿಗೆ ಬ್ರೇನ್ ಟ್ಯೂಮರ್ ಇತ್ತು ಅಂದೆ. ಡಾಕ್ಟರ್ ಮುಖಾನ ಬದಲಾತು. ಹೊರಗ ಬಂದು ಫೋನ್ ಮಾಡ್ಲಿಕ್ಕೆ ಹತ್ತೀನಿ. ನನಗೂ ಅದನ ಇದ್ರ ಹೆಂಗವಾ?"

ಅವಳ ದನಿಯ ನಡುಕ ನನಗೆ ಗೊತ್ತಿದ್ದ ನಡುಕವೇ. ಸಾಯುವತನಕ ಎಂದು ಮಾತು ಕೊಟ್ಟಿದ್ದೆ, ನಿಜ. ಇಷ್ಟು ದಿನ ಅದನ್ನು ಸೊಸೆಯ ಒಳ್ಳೆಯತನ ಎಂದುಕೊಂಡಿದ್ದೆ. ಈಗ ನೋಡಿದರೆ, ಗಂಡಸರಿಬ್ಬರು ನಿರಾಳವಾಗಿ ಉಸಿರು ಬಿಟ್ಟ ಆ ಆಟೋದಲ್ಲೇ ನಾನೂ ಇಷ್ಟು ವರ್ಷ ಕೂತು ಬಂದಿದ್ದೇನೆ.

"ಮತ್ತ ಒಳಗ ಹೋಗು," ಎಂದೆ. "ಅಜ್ಜಿಗೆ ಗಡ್ಡಿ ಇರಲಿಲ್ಲ, ನಾವು ಸುಳ್ಳು ಹೇಳಿದ್ವಿ ಅಂತ ಹೇಳು. ಅಜ್ಜಿ ತಲಿಯೊಳಗ ಹಂದಿ ಹುಳ ಇತ್ತು. ಗುಳಿಗಿ ತೊಗೊಂಡ್ರು, ಆರಾಮಾದ್ರು. ಅದು ಮನಿತನದಿಂದ ಬರೂದಲ್ಲ."

ಆ ಕಡೆ ಮಗಳು ಮೂಗು ಒರೆಸಿಕೊಂಡು, "ಅಜ್ಜಿಗಾ?" ಎಂದಳು, ನಗು ಬಂದಂತಿತ್ತು.

ಹೊರಕೋಣೆಯಿಂದ ಯಜಮಾನರು ಪತ್ರಿಕೆ ಕೆಳಗಿಟ್ಟ ಸಪ್ಪಳ. ಈಚೆಗೆ ಅವರ ಗದ್ದ, ದನಿ, ಎಲ್ಲ ಮಾವನವರದೇ. "ಏನದು ಮಾತು? ಸಣ್ಣಗ ಮಾತಾಡು. ಬಾಜೂದವರಿಗೆ ಕೇಳಸ್ತದ."

ಬಾಜು ಮನೆಯವರಿಗೆ ಕನ್ನಡ ತಿಳಿಯುವುದಿಲ್ಲ. ಅದಕ್ಕೇ ಅದೇ ಮಾತನ್ನು ತೆಲುಗಿನಲ್ಲಿ, ಇನ್ನಷ್ಟು ಗಟ್ಟಿಯಾಗಿ, ಮತ್ತೊಮ್ಮೆ ಹೇಳಿದೆ.